ತರಗತಿಯಲ್ಲಿ ಡಿಜಿಟಲ್ ಕಲಿಕಾ ಸಂಪನ್ಮೂಲಗಳು: ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿಕ್ಷಕರೊಂದಿಗಿನ ಮಾತುಕತೆಗಳಲ್ಲಿಯೂ ಅವರು ಬರೆಯುವ ಪತ್ರಗಳಲ್ಲಿಯೂ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಪ್ರಶ್ನೆಗಳನ್ನು ಆದಷ್ಟು ಮಟ್ಟಿಗೆ ಕೇಳಿದವರ ಮಾತಿನಲ್ಲಿಯೇ ಉಳಿಸಿಕೊಳ್ಳಲಾಗಿದೆ. ಸರಳವಾದವು ಮೊದಲು ಬರುತ್ತವೆ. ಅನುಭವಿಗಳು ನೇರವಾಗಿ ಕೊನೆಯ ಭಾಗಕ್ಕೆ ಹೋಗಬಹುದು.

ಆರಂಭದ ಪ್ರಶ್ನೆಗಳು

ಡಿಜಿಟಲ್ ಸಂಪನ್ಮೂಲ ಎಂದರೆ ವಿಡಿಯೋ ತೋರಿಸುವುದು ತಾನೇ?

ವಿಡಿಯೋ ಅದರ ಒಂದು ಬಗೆ, ಅಷ್ಟೇ. ಧ್ವನಿಮುದ್ರಿತ ಕಥೆ, ಛಾಯಾಚಿತ್ರ, ಹಿಗ್ಗಿಸಿ ನೋಡಬಹುದಾದ ನಕ್ಷೆ, ಹಳೆಯ ದಾಖಲೆಯ ಸ್ಕ್ಯಾನ್ ಪ್ರತಿ, ನಿಘಂಟು, ಸಿಮ್ಯುಲೇಶನ್ (ನಿಜವಾದ ವಿದ್ಯಮಾನವನ್ನು ಪರದೆಯ ಮೇಲೆ ಅನುಕರಿಸುವ ಮಾದರಿ), ಅಭ್ಯಾಸ ಪ್ರಶ್ನೆಗಳ ಸಂಗ್ರಹ ಇವೆಲ್ಲವೂ ಈ ಹೆಸರಿಗೆ ಸಲ್ಲುತ್ತವೆ. ಪಾಠ ಯೋಜಿಸುವಾಗ ಇವುಗಳನ್ನು ಕಡತದ ಬಗೆಯಿಂದ ವಿಂಗಡಿಸುವುದಕ್ಕಿಂತ, ವಿದ್ಯಾರ್ಥಿಗೆ ಅವು ಕೊಡುವ ಕೆಲಸದಿಂದ ವಿಂಗಡಿಸುವುದು ಹೆಚ್ಚು ಉಪಯುಕ್ತ. ಕೆಲವು ಸಂಪನ್ಮೂಲಗಳು ತೋರಿಸುತ್ತವೆ, ಕೆಲವು ಮಾಡಿಸುತ್ತವೆ, ಕೆಲವು ಉತ್ತರವನ್ನು ಪರಿಶೀಲಿಸಿ ತಪ್ಪನ್ನು ತಿಳಿಸುತ್ತವೆ. ಆಕಾಶವನ್ನು ಯಾವುದೇ ದಿನಾಂಕಕ್ಕೆ ಹೊಂದಿಸಿ ತೋರಿಸುವ ಸ್ಟೆಲೇರಿಯಂ ಮೊದಲ ಗುಂಪಿಗೆ ಹತ್ತಿರದ್ದು. ತ್ರಿಭುಜದ ಶೃಂಗವನ್ನು ಎಳೆದಂತೆ ಕೋನಗಳ ಅಳತೆ ಬದಲಾಗುವ ಜಿಯೋಜಿಬ್ರಾ, ಮಕ್ಕಳೇ ಪ್ರೋಗ್ರಾಮ್ ಜೋಡಿಸುವ ಸ್ಕ್ರ್ಯಾಚ್ ಎರಡನೆಯ ಗುಂಪಿಗೆ ಸೇರುತ್ತವೆ. ಶಾಲೆಗಳಲ್ಲಿ ಮೊದಲ ಗುಂಪಿನ ಬಳಕೆಯೇ ಅತಿ ಹೆಚ್ಚು. ಮಕ್ಕಳಿಗೆ ಅತಿ ಕಡಿಮೆ ಕೆಲಸ ಕೊಡುವುದೂ ಅದೇ.

ಇದರಿಂದ ಮಕ್ಕಳು ನಿಜವಾಗಿಯೂ ಹೆಚ್ಚು ಕಲಿಯುತ್ತಾರೆಯೇ, ಅಥವಾ ಬರೀ ಆಡಂಬರವೇ?

ಎರಡಕ್ಕೂ ಪುರಾವೆ ಇದೆ. 2015ರಲ್ಲಿ ಪ್ರಕಟವಾದ, ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ (ಒಇಸಿಡಿ) ವರದಿಯು, ಶಾಲಾ ಕಂಪ್ಯೂಟರೀಕರಣಕ್ಕೆ ಅಪಾರ ಹಣ ಹೂಡಿದ ದೇಶಗಳಲ್ಲಿ ಓದು, ಗಣಿತ, ವಿಜ್ಞಾನಗಳ ಫಲಿತಾಂಶ ಗಮನಾರ್ಹವಾಗಿ ಸುಧಾರಿಸಿರುವುದು ಕಂಡುಬಂದಿಲ್ಲವೆಂದು ಹೇಳಿತು. ಪೆರು ದೇಶದಲ್ಲಿ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿದ ಕಾರ್ಯಕ್ರಮವನ್ನು ಯಾದೃಚ್ಛಿಕ ಪ್ರಯೋಗದ (ಯಾರಿಗೆ ಕೊಡಬೇಕೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವ ಪ್ರಯೋಗದ) ಮೂಲಕ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗಣಿತ ಮತ್ತು ಭಾಷೆಯ ಅಂಕಗಳಲ್ಲಿ ಪರಿಣಾಮವೇ ಕಾಣಲಿಲ್ಲ. ಇದಕ್ಕೆ ಎದುರಾಗಿ, ದೆಹಲಿಯಲ್ಲಿ ಪ್ರತಿ ವಿದ್ಯಾರ್ಥಿಯ ಮಟ್ಟಕ್ಕೆ ತಕ್ಕಂತೆ ಪ್ರಶ್ನೆ ಬದಲಿಸುವ ತಂತ್ರಾಂಶವನ್ನು ಶಾಲೆಯ ನಂತರದ ಕಲಿಕಾ ಕೇಂದ್ರಗಳಲ್ಲಿ ಬಳಸಿ ನಡೆಸಿದ, 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಣಿತ ಮತ್ತು ಹಿಂದಿ ಎರಡರಲ್ಲಿಯೂ ಸ್ಪಷ್ಟ ಪ್ರಗತಿ ಕಂಡಿತು.

ಇವು ಪರಸ್ಪರ ವಿರುದ್ಧವೆಂದು ತೋರಿದರೂ ಹಾಗಿಲ್ಲ. ಪೆರುವಿನಲ್ಲಿ ಮಕ್ಕಳ ಕೈಗೆ ಬಂದದ್ದು ಸಾಧನ. ದೆಹಲಿಯಲ್ಲಿ ಬಂದದ್ದು ಒಂದು ಬೋಧನಾ ಕ್ರಮ, ಸಾಧನ ಅದರ ವಾಹಕವಾಗಿತ್ತು. ಮಾಧ್ಯಮವು ತಾನಾಗಿ ಕಲಿಕೆಯನ್ನು ಹೆಚ್ಚಿಸುವುದಿಲ್ಲ, ಅದರ ಮೂಲಕ ಸಾಗುವ ಬೋಧನಾ ವಿಧಾನವೇ ಹೆಚ್ಚಿಸುತ್ತದೆ ಎಂದು ಶಿಕ್ಷಣ ಸಂಶೋಧಕ ರಿಚರ್ಡ್ ಕ್ಲಾರ್ಕ್ 1983ರಲ್ಲಿಯೇ ವಾದಿಸಿದ್ದರು. ಆ ವಾದವನ್ನು ಒಪ್ಪದವರೂ ಇದ್ದಾರೆ: ಕೆಲವು ಮಾಧ್ಯಮಗಳಿಂದ ಮಾತ್ರ ಸಾಧ್ಯವಾಗುವ ವಿಧಾನಗಳಿವೆಯಲ್ಲ ಎಂಬುದು ಅವರ ಪ್ರಶ್ನೆ, ಮತ್ತು ಅದು ನ್ಯಾಯವಾದ ಪ್ರಶ್ನೆ. ಆದರೆ ತರಗತಿಯ ಶಿಕ್ಷಕರಿಗೆ ಈ ಚರ್ಚೆಯಿಂದ ದಕ್ಕುವ ಸಾರ ಒಂದೇ. ಸಂಪನ್ಮೂಲವನ್ನು ಆರಿಸುವ ಮೊದಲು, ಅದು ಪರದೆಯ ಮೇಲಿರುವಷ್ಟು ಹೊತ್ತು ಮಕ್ಕಳು ಏನು ಮಾಡುತ್ತಿರುತ್ತಾರೆ ಎಂದು ಕೇಳಿಕೊಳ್ಳಬೇಕು. "ನೋಡುತ್ತಿರುತ್ತಾರೆ" ಎಂಬುದೇ ಪೂರ್ತಿ ಉತ್ತರವಾದರೆ ಯೋಜನೆ ಇನ್ನೂ ಅರ್ಧದಲ್ಲಿದೆ.

ನನಗೆ ಕಂಪ್ಯೂಟರ್ ಅಷ್ಟಾಗಿ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ನೀವು ಪ್ರತಿ ವರ್ಷ ಕಲಿಸುವ, ಪ್ರತಿ ವರ್ಷವೂ ಮಕ್ಕಳು ಒಂದೇ ಜಾಗದಲ್ಲಿ ಎಡವುವ ಪಾಠದಿಂದ. ಚಂದ್ರನ ಕಲೆಗಳು, ಭಿನ್ನರಾಶಿಗಳ ಹೋಲಿಕೆ, ವಿದ್ಯುತ್ ಮಂಡಲ ಇಂಥವು. ಎಡವುವ ಜಾಗ ನಿಮಗೆ ಮೊದಲೇ ಗೊತ್ತಿರುವುದರಿಂದ, ನೀವು ಹುಡುಕುವ ಸಂಪನ್ಮೂಲ ಅದನ್ನು ಮುಟ್ಟುತ್ತದೆಯೋ ಇಲ್ಲವೋ ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ. ಒಂದು ಪಾಠಕ್ಕೆ ಒಂದೇ ಸಂಪನ್ಮೂಲ ಸಾಕು. ಅದನ್ನೇ ಎರಡು ಮೂರು ತರಗತಿಗಳಲ್ಲಿ ಬಳಸಿ ಪಳಗಿದ ಮೇಲೆ ಮುಂದಿನದಕ್ಕೆ ಹೋಗಬಹುದು. ಹೊಸ ಆ್ಯಪ್‌ಗಳ ಪಟ್ಟಿ ಹಿಡಿದು ಹೊರಡುವುದು ಬೇಡ. ಆ ಪಟ್ಟಿ ಮುಗಿಯುವುದಿಲ್ಲ.

ಹುಡುಕಿದರೆ ನೂರಾರು ಸಿಗುತ್ತವೆ. ಒಳ್ಳೆಯದು ಯಾವುದೆಂದು ತಿಳಿಯುವುದು ಹೇಗೆ?

ಮೊದಲಿನಿಂದ ಕೊನೆಯವರೆಗೆ ನೀವೇ ನೋಡದೆ ಅಥವಾ ಆಡಿಸದೆ ಯಾವುದನ್ನೂ ತರಗತಿಗೆ ಒಯ್ಯಬೇಡಿ. ಈ ಒಂದು ಅಭ್ಯಾಸವೇ ಅರ್ಧ ಜರಡಿ. ಉಳಿದರ್ಧದಲ್ಲಿ ಮೊದಲು ಬರುವುದು ವಿಷಯದ ನಿಖರತೆ. ಆಮ್ಲಜನಕವಿಲ್ಲದ ರಕ್ತ ನೀಲಿ ಎಂದು ಹೇಳುವ, ಭೂಮಿಯ ಕಕ್ಷೆಯನ್ನು ಉದ್ದನೆಯ ಮೊಟ್ಟೆಯಾಕಾರದಲ್ಲಿ ಬರೆದು ಸೂರ್ಯನಿಗೆ ಹತ್ತಿರವಾದಾಗ ಬೇಸಿಗೆ ಎಂಬ ಭಾವನೆ ಮೂಡಿಸುವ ವಿಡಿಯೋಗಳು ಸೊಗಸಾದ ಚಿತ್ರಗಳೊಂದಿಗೆ ಓಡಾಡುತ್ತಿವೆ. ಚಿತ್ರ ಸೊಗಸಾದಷ್ಟೂ ತಪ್ಪು ಗಟ್ಟಿಯಾಗಿ ನಾಟುತ್ತದೆ. ಆಮೇಲೆ ತಯಾರಿಸಿದವರು ಯಾರು, ಕೊನೆಯ ಬಾರಿ ಪರಿಷ್ಕರಿಸಿದ್ದು ಯಾವಾಗ ಎಂಬುದನ್ನು ಗಮನಿಸಬೇಕು. ಭೌತಶಾಸ್ತ್ರಜ್ಞ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಫೆಟ್ ಯೋಜನೆಯ ಸಿಮ್ಯುಲೇಶನ್‌ಗಳು ಹೆಚ್ಚು ಭರವಸೆ ಹುಟ್ಟಿಸುವುದಕ್ಕೆ ಒಂದು ಕಾರಣ, ವಿದ್ಯಾರ್ಥಿಗಳು ಅವುಗಳನ್ನು ಬಳಸುವ ಬಗೆಯನ್ನು ಸಂದರ್ಶನಗಳಲ್ಲಿ ಕಂಡು ತಿದ್ದಿ ರೂಪಿಸಲಾಗಿದೆ ಎಂಬುದು. ವೀಕ್ಷಣೆಗಳ ಸಂಖ್ಯೆಯಾಗಲಿ ಮೆಚ್ಚುಗೆಯ ಗುರುತುಗಳಾಗಲಿ ಅಂಥ ಪರೀಕ್ಷೆಗೆ ಬದಲಿಯಲ್ಲ.

ಪಾಠದ ನಡುವೆ ಹುಟ್ಟುವ ಪ್ರಶ್ನೆಗಳು

ವಿಡಿಯೋ ಹಾಕಿದರೆ ಎಲ್ಲರೂ ಕಣ್ಣರಳಿಸಿ ನೋಡುತ್ತಾರೆ. ಮರುದಿನ ಕೇಳಿದರೆ ಏನೂ ನೆನಪಿಲ್ಲ. ಏಕೆ?

ಬಹುಶಃ ಅತಿ ಹೆಚ್ಚು ಬಾರಿ ಕೇಳಲಾಗುವ ಪ್ರಶ್ನೆ ಇದು. ಸರಾಗವಾಗಿ ಸಾಗುವ ವಿವರಣೆಯನ್ನು ನೋಡುವಾಗ ಅರ್ಥವಾಯಿತೆಂಬ ಭಾವನೆ ಸುಲಭವಾಗಿ ಮೂಡುತ್ತದೆ. ಆ ಭಾವನೆಗೂ ಅರ್ಥವಾಗಿರುವುದಕ್ಕೂ ದೂರವಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ತರಗತಿಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಪ್ರಯೋಗದ ಪ್ರದರ್ಶನವನ್ನು ಸುಮ್ಮನೆ ನೋಡಿದ ವಿದ್ಯಾರ್ಥಿಗಳ ತಿಳಿವಳಿಕೆ, ಅದನ್ನು ನೋಡದೇ ಇದ್ದವರಿಗಿಂತ ಹೆಚ್ಚೇನೂ ಇರಲಿಲ್ಲ. ಏನಾಗಬಹುದೆಂದು ಮೊದಲೇ ಊಹಿಸಿ ಆಮೇಲೆ ನೋಡಿದವರ ತಿಳಿವಳಿಕೆ ಗಣನೀಯವಾಗಿ ಹೆಚ್ಚಿತ್ತು. ಅಲ್ಲಿ ತೋರಿಸಿದ್ದು ಕಣ್ಣೆದುರಿನ ಪ್ರಯೋಗ. ಪರದೆಯ ಮೇಲಿನ ವಿಡಿಯೋ ಇದಕ್ಕೆ ಹೊರತೆಂದು ಭಾವಿಸಲು ಕಾರಣವಿಲ್ಲ.

ಆದ್ದರಿಂದ ವಿಡಿಯೋವನ್ನು ಎಲ್ಲಿ ನಿಲ್ಲಿಸಬೇಕೆಂದು ಮೊದಲೇ ಗುರುತು ಹಾಕಿಕೊಳ್ಳಿ. ಫಲಿತಾಂಶ ಕಾಣಿಸುವ ಕ್ಷಣಕ್ಕಿಂತ ಸ್ವಲ್ಪ ಮೊದಲು ನಿಲ್ಲಿಸುವುದು ಅತಿ ಫಲಕಾರಿ. ನಿರ್ವಾತದಲ್ಲಿ ಗರಿಯನ್ನೂ ಲೋಹದ ಗುಂಡನ್ನೂ ಒಟ್ಟಿಗೆ ಬಿಡುವ ವಿಡಿಯೋವಾದರೆ, ಕೈಬಿಡುವ ಮುನ್ನವೇ ನಿಲ್ಲಿಸಿ, ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಕಾರಣಸಹಿತ ಒಂದು ಸಾಲಿನಲ್ಲಿ ಬರೆಯಲಿ. ಬಾಯಿಮಾತಿನಲ್ಲಿ ಕೇಳಿದರೆ ಮೂರು ನಾಲ್ಕು ಮಕ್ಕಳು ಉತ್ತರಿಸಿ ಉಳಿದವರು ಪಾರಾಗುತ್ತಾರೆ. ಬರೆಯಲು ಹೇಳಿದರೆ ಯಾರೂ ಪಾರಾಗುವುದಿಲ್ಲ. ನೋಡಿದ ನಂತರ ಊಹೆ ತಪ್ಪಾದವರು ಕಾರಣವನ್ನು ತಿದ್ದಿ ಬರೆಯಲಿ. ಹೀಗೆ ಮಾಡಿದರೆ ನಾಲ್ಕು ನಿಮಿಷದ ವಿಡಿಯೋ ಇಪ್ಪತ್ತು ನಿಮಿಷ ಹಿಡಿಯುತ್ತದೆ, ಹಿಡಿಯಲಿ.

ಉದ್ದದ ಬಗ್ಗೆಯೂ ಒಂದು ಮಾತು. ಎಡ್ಎಕ್ಸ್ ಆನ್‌ಲೈನ್ ಕೋರ್ಸುಗಳ 69 ಲಕ್ಷದಷ್ಟು ವೀಕ್ಷಣೆಗಳನ್ನು ವಿಶ್ಲೇಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಡಿಯೋ ಎಷ್ಟೇ ಉದ್ದವಿದ್ದರೂ ನೋಡುವವರು ಅದರಲ್ಲಿ ತೊಡಗಿರುವ ಅವಧಿಯ ಮಧ್ಯಾಂಕ ಸುಮಾರು 6 ನಿಮಿಷವನ್ನು ಮೀರಲಿಲ್ಲ. ಅವರು ತಾವಾಗಿಯೇ ಕೋರ್ಸಿಗೆ ಸೇರಿದ್ದ ಕಲಿಯುವವರು. ಶಾಲಾ ಮಕ್ಕಳು ಎದ್ದು ಹೋಗಲಾರರು, ಕುಳಿತಲ್ಲಿಯೇ ಬೇರೆ ಲೋಕಕ್ಕೆ ಹೋಗುತ್ತಾರೆ.

ತರಗತಿಗೆ ಇರುವುದು ಒಂದೇ ಪರದೆ. ಮಕ್ಕಳ ಕೈಯಲ್ಲಿ ಏನೂ ಇಲ್ಲ. ಇದರಿಂದ ಏನಾದೀತು?

ಸಾಕಷ್ಟು ಆಗುತ್ತದೆ. ಎಲ್ಲರೂ ಒಂದೇ ವಸ್ತುವನ್ನು ನೋಡುತ್ತಿರುವುದರಿಂದ ಚರ್ಚೆ ಚದುರುವುದಿಲ್ಲ. ಹಾರ್ವರ್ಡ್‌ನ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ಸಹಪಾಠಿ ಬೋಧನೆಯ ಕ್ರಮ ಒಂದೇ ಪರದೆಗೆ ಹೇಳಿ ಮಾಡಿಸಿದಂತಿದೆ. ತರ್ಕ ಬೇಡುವ ಒಂದು ಬಹು ಆಯ್ಕೆಯ ಪ್ರಶ್ನೆಯನ್ನು ಪರದೆಯ ಮೇಲೆ ತೋರಿಸಿ, ಪ್ರತಿಯೊಬ್ಬರೂ ಮಾತಾಡದೆ ಉತ್ತರ ಆರಿಸಬೇಕು. ಸರಿಯುತ್ತರ ಕೊಟ್ಟವರು ಸುಮಾರು ಶೇ. 30ರಿಂದ 70ರ ನಡುವೆ ಇದ್ದರೆ, ಉತ್ತರವನ್ನು ಬಿಟ್ಟುಕೊಡದೆ ಪಕ್ಕದವರೊಡನೆ ವಾದಿಸಲು ಹೇಳಿ, ಮತ್ತೊಮ್ಮೆ ಮತ ಪಡೆಯಬೇಕು. ಮತ ಹಾಕಲು ಯಂತ್ರವೇ ಬೇಕೆಂದಿಲ್ಲ. ಎ, ಬಿ, ಸಿ, ಡಿ ಎಂದು ಬರೆದ ಚೀಟಿಗಳನ್ನು ಎತ್ತಿ ಹಿಡಿದರೂ ಆಯಿತು. ಸಿಮ್ಯುಲೇಶನ್ ತೋರಿಸುವಾಗ ಮೌಸ್ ಒಬ್ಬ ವಿದ್ಯಾರ್ಥಿಯ ಕೈಯಲ್ಲಿರಲಿ, ಆದರೆ ಮುಂದೇನು ಮಾಡಬೇಕೆಂದು ಹೇಳುವ ಅಧಿಕಾರ ಉಳಿದವರದ್ದಾಗಿರಲಿ. ಶಿಕ್ಷಕರು ಕೋಣೆಯ ಹಿಂಬದಿಯಲ್ಲಿ ನಿಂತರೆ ಪರದೆಯ ಅಕ್ಷರ ಅಲ್ಲಿಗೆ ಕಾಣುತ್ತದೆಯೇ ಎಂಬುದೂ ಗೊತ್ತಾಗುತ್ತದೆ.

ಸಿಮ್ಯುಲೇಶನ್ ಇದ್ದ ಮೇಲೆ ಪ್ರಯೋಗಾಲಯ ಏಕೆ ಬೇಕು?

ಕೆಲವು ಕಲಿಕಾಂಶಗಳಿಗೆ ಸಿಮ್ಯುಲೇಶನ್ ನಿಜವಾದ ಉಪಕರಣಕ್ಕಿಂತ ಮೇಲು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ವಿದ್ಯುತ್ ಮಂಡಲದ ಬಗ್ಗೆ 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಫೆಟ್‌ನ ಮಂಡಲ ಜೋಡಿಸುವ ಸಿಮ್ಯುಲೇಶನ್ ಬಳಸಿದ ವಿದ್ಯಾರ್ಥಿಗಳು, ನಿಜವಾದ ಬಲ್ಬು ತಂತಿಗಳೊಡನೆ ಅಭ್ಯಾಸ ಮಾಡಿದವರಿಗಿಂತ ಪರಿಕಲ್ಪನೆಯ ಪ್ರಶ್ನೆಗಳಲ್ಲಿ ಮಾತ್ರವಲ್ಲದೆ ನಿಜವಾದ ಮಂಡಲವನ್ನು ಜೋಡಿಸಿ ವಿವರಿಸುವುದರಲ್ಲಿಯೂ ಮುಂದಿದ್ದರು. ಕಾರಣ ಊಹಿಸಬಹುದು. ತಂತಿಯೊಳಗೆ ಎಲೆಕ್ಟ್ರಾನುಗಳು ಕಾಣುವುದಿಲ್ಲ, ಪರದೆಯ ಮೇಲೆ ಕಾಣುತ್ತವೆ. ಬಲ್ಬಿನಲ್ಲಿ ವಿದ್ಯುತ್ ಪ್ರವಾಹ ಖರ್ಚಾಗಿಹೋಗುತ್ತದೆ ಎಂಬ ತಪ್ಪು ಕಲ್ಪನೆ, ಬಲ್ಬಿನ ಎರಡೂ ಬದಿಯಲ್ಲಿ ಒಂದೇ ವೇಗದಲ್ಲಿ ಸಾಗುವ ಚುಕ್ಕಿಗಳನ್ನು ಕಂಡಾಗ ಅಲುಗಾಡತೊಡಗುತ್ತದೆ.

ಆದರೆ ಸಿಮ್ಯುಲೇಶನ್ ಒಂದು ಮಾದರಿ. ಮಾದರಿಯನ್ನು ಮಾಡಿದವರು ಬಿಟ್ಟ ಸಂಗತಿಗಳು ಅದರಲ್ಲಿ ಎಂದಿಗೂ ಎದುರಾಗುವುದಿಲ್ಲ. ಅಲ್ಲಿ ತಂತಿಯ ತುದಿ ಸಡಿಲವಾಗುವುದಿಲ್ಲ, ಓದಿದ ಅಳತೆ ಎರಡನೆಯ ಬಾರಿ ಬೇರೆ ಬರುವುದಿಲ್ಲ, ಗಾಜು ಒಡೆಯುವುದಿಲ್ಲ. ಅಳತೆಯಲ್ಲಿ ಅನಿಶ್ಚಿತತೆ ಇರುತ್ತದೆ, ಒಂದೇ ಓದನ್ನು ನಂಬಬಾರದು ಎಂಬುದನ್ನು ಕಲಿಯಲು ಕೈಗೆ ಎಟುಕುವ ವಸ್ತುಗಳೇ ಬೇಕು. ಪರದೆಯ ಮೇಲಿನ ಪರಮಾಣುಗಳಿಗೆ ಬಣ್ಣವಿರುವುದನ್ನು ಕಂಡ ಮಗು ನಿಜವಾದ ಪರಮಾಣುವಿಗೂ ಬಣ್ಣವಿದೆಯೆಂದು ನಂಬುತ್ತದೆ. ಸೌರವ್ಯೂಹದ ಸಿಮ್ಯುಲೇಶನ್‌ಗಳಲ್ಲಿ ಗ್ರಹಗಳ ಗಾತ್ರ ಮತ್ತು ದೂರ ಎರಡನ್ನೂ ಒಂದೇ ಪ್ರಮಾಣದಲ್ಲಿ ತೋರಿಸಲು ಪರದೆಯೇ ಸಾಲದು. ಆದಕಾರಣ ಪಾಠದ ಕೊನೆಯಲ್ಲಿ "ಇದರಲ್ಲಿ ನಿಜಕ್ಕೆ ಹೊಂದದ್ದು ಯಾವುದು?" ಎಂಬ ಪ್ರಶ್ನೆಗೆ ಐದು ನಿಮಿಷ ಮೀಸಲಿಡುವುದು ಒಳ್ಳೆಯದು. ಉಪಕರಣಗಳು ಇರುವ ಕಡೆ ಎರಡನ್ನೂ ಬಳಸಿ. ಅಪಾಯಕಾರಿಯಾದ, ಅತಿ ನಿಧಾನವಾದ, ಅತಿ ಚಿಕ್ಕದಾದ ಅಥವಾ ಅತಿ ದೂರದ ವಿದ್ಯಮಾನಗಳಿಗೆ ಸಿಮ್ಯುಲೇಶನ್ ಒಂದೇ ದಾರಿಯಾಗಬಹುದು. ಬೀಜ ಮೊಳೆಯುವುದನ್ನು ಪರದೆಯ ಮೇಲೆ ತೋರಿಸಲು ಮಾತ್ರ ನೆಪ ಹುಡುಕಬೇಡಿ.

ಸ್ಲೈಡುಗಳನ್ನು ನಾನೇ ಮಾಡುತ್ತೇನೆ. ಒಂದು ಸ್ಲೈಡಿನಲ್ಲಿ ಎಷ್ಟು ಬರೆಯಬಹುದು?

ನೀವು ಬಾಯಲ್ಲಿ ಹೇಳುವುದನ್ನು ಅಲ್ಲಿ ಬರೆಯಬೇಡಿ. ಬಹುಮಾಧ್ಯಮ ಕಲಿಕೆಯ ಬಗ್ಗೆ ದಶಕಗಳ ಕಾಲ ಪ್ರಯೋಗ ನಡೆಸಿದ ರಿಚರ್ಡ್ ಮೇಯರ್ ಅವರ ಕೆಲಸದಿಂದ ದೊರೆಯುವ ಸಲಹೆ ಇದು: ಚಿತ್ರ ಮತ್ತು ಮಾತು ಜೊತೆಗೂಡಿದಾಗ ಕಲಿಕೆ ಚೆನ್ನಾಗಿ ಆಗುತ್ತದೆ, ಚಿತ್ರ, ಮಾತು ಮತ್ತು ಅದೇ ಮಾತಿನ ಬರಹ ಮೂರೂ ಒಟ್ಟಿಗೆ ಬಂದಾಗ ಗಮನ ಹಂಚಿಹೋಗುತ್ತದೆ. ಕೇಳಿಸಿಕೊಳ್ಳಲು ತೊಂದರೆ ಇರುವ ಮಕ್ಕಳಿಗೆ ಮತ್ತು ಆ ಭಾಷೆಗೆ ಹೊಸಬರಾದವರಿಗೆ ಬರಹ ನೆರವಾಗುತ್ತದೆ ಎಂಬುದನ್ನು ಅಪವಾದವಾಗಿ ನೆನಪಿಡಬೇಕು. ಪಾಠಕ್ಕೆ ಸಂಬಂಧವಿಲ್ಲದ ಅಲಂಕಾರದ ಚಿತ್ರ, ಹಿನ್ನೆಲೆ ಸಂಗೀತ, ಹಾರಿ ಬರುವ ಅಕ್ಷರಗಳು ಕಲಿಕೆಗೆ ಅಡ್ಡಿ. ಚಿತ್ರದ ಭಾಗಗಳ ಹೆಸರನ್ನು ಕೆಳಗಡೆ ಪಟ್ಟಿ ಮಾಡುವ ಬದಲು ಆಯಾ ಭಾಗದ ಪಕ್ಕದಲ್ಲಿಯೇ ಬರೆಯಿರಿ.

ಕೆಲವು ಮಕ್ಕಳು ಕಣ್ಣಿನಿಂದ, ಕೆಲವರು ಕಿವಿಯಿಂದ ಕಲಿಯುತ್ತಾರಂತೆ. ಅದಕ್ಕೆ ತಕ್ಕಂತೆ ಸಾಮಗ್ರಿ ಹಂಚಬೇಕೇ?

ಬೇಡ. ವಿದ್ಯಾರ್ಥಿಗಳನ್ನು ಹೀಗೆ ವರ್ಗೀಕರಿಸಿ ಅದಕ್ಕೆ ಹೊಂದುವ ಮಾಧ್ಯಮದಲ್ಲಿ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎಂಬುದಕ್ಕೆ ಸಾಕಷ್ಟು ಪುರಾವೆಯಿಲ್ಲವೆಂದು 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು ನಡೆಸಿದ ಸಮೀಕ್ಷೆ ತೀರ್ಮಾನಿಸಿತು. ಮಾಧ್ಯಮವನ್ನು ನಿರ್ಧರಿಸಬೇಕಾದದ್ದು ವಿಷಯ: ಪದದ ಉಚ್ಚಾರಕ್ಕೆ ಧ್ವನಿ, ಭೂರೂಪಕ್ಕೆ ನಕ್ಷೆ, ಅದು ಎಲ್ಲ ಮಕ್ಕಳಿಗೂ.

ಪಠ್ಯವನ್ನು ಪುಸ್ತಕದಲ್ಲಿ ಓದಿಸುವುದಕ್ಕೂ ಪರದೆಯ ಮೇಲೆ ಓದಿಸುವುದಕ್ಕೂ ವ್ಯತ್ಯಾಸವಿದೆಯೇ?

ಇದೆ, ಆದರೆ ಎಲ್ಲ ಬಗೆಯ ಓದಿಗೂ ಅಲ್ಲ. 54 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಮಾಹಿತಿಪರ ಪಠ್ಯಗಳನ್ನು ಕಾಗದದ ಮೇಲೆ ಓದಿದವರು ಸ್ವಲ್ಪ ಹೆಚ್ಚು ಗ್ರಹಿಸಿದ್ದರು. ಸಮಯದ ಒತ್ತಡವಿದ್ದಾಗ ಅಂತರ ಇನ್ನೂ ಹಿಗ್ಗುತ್ತಿತ್ತು. ಕೇವಲ ಕಥನವಿರುವ ಪಠ್ಯಗಳಲ್ಲಿ ಅಂಥ ಅಂತರ ಕಾಣಲಿಲ್ಲ. ಹೀಗಾಗಿ ಒಂದು ಕಥೆಯನ್ನು ಪರದೆಯ ಮೇಲೆ ಓದಿಸಲು ಹಿಂಜರಿಯಬೇಕಾಗಿಲ್ಲ. ಹಿಂದೆ ಮುಂದೆ ತಿರುವಿ, ಗೆರೆ ಎಳೆದು ಅಧ್ಯಯನ ಮಾಡಬೇಕಾದ ಪಾಠಕ್ಕೆ ಮುದ್ರಿತ ಪ್ರತಿಯೇ ಮೇಲು.

ಎಲ್ಲರ ಕೈಗೂ ಟ್ಯಾಬ್ ಕೊಟ್ಟ ದಿನ ತರಗತಿ ನನ್ನ ಹಿಡಿತ ತಪ್ಪುತ್ತದೆ. ಏನು ಮಾಡಲಿ?

ಪಾಠಕ್ಕೆ ಹೊರತಾದ ಕೆಲಸಗಳಿಗೆ ಲ್ಯಾಪ್‌ಟಾಪ್ ಬಳಸಿದ ವಿದ್ಯಾರ್ಥಿಯ ಕಲಿಕೆ ಕುಗ್ಗುವುದಷ್ಟೇ ಅಲ್ಲ, ಆ ಪರದೆ ಕಣ್ಣಿಗೆ ಬೀಳುವಂತೆ ಕುಳಿತವರ ಕಲಿಕೆಯೂ ಕುಗ್ಗುತ್ತದೆ ಎಂದು 2013ರ ಅಧ್ಯಯನವೊಂದು ತೋರಿಸಿದೆ. ಆದ್ದರಿಂದ ಇದನ್ನು ಬರೀ ಶಿಸ್ತಿನ ಪ್ರಶ್ನೆಯಾಗಿ ನೋಡಬಾರದು. ಇಬ್ಬರಿಗೆ ಒಂದು ಸಾಧನ ಕೊಡಿ; ಒಬ್ಬರು ನಡೆಸಿದರೆ ಇನ್ನೊಬ್ಬರು ಕಾಗದದ ಮೇಲೆ ದಾಖಲಿಸಲಿ, ಅರ್ಧ ಸಮಯಕ್ಕೆ ಪಾತ್ರ ಬದಲಾಗಲಿ. ಮಾತಾಡಬೇಕಾದಾಗ ಎಲ್ಲ ಪರದೆಗಳನ್ನೂ ಮಗುಚಿ ಇಡಿಸಿ, ಆಮೇಲೆ ಮಾತು ಆರಂಭಿಸಿ. ಕೆಲಸ ಮುಗಿದವರಿಗೆ ಮುಂದಿನ ಪ್ರಶ್ನೆ ಕಪ್ಪು ಹಲಗೆಯ ಮೇಲೆ ಸಿದ್ಧವಿರಬೇಕು. ಖಾಲಿ ಸಿಕ್ಕ ಎರಡು ನಿಮಿಷದಲ್ಲಿಯೇ ಗಮನ ಆಟದ ಕಡೆಗೆ ಜಾರುವುದು.

ಸಂಪರ್ಕ, ಭಾಷೆ, ಹಕ್ಕುಗಳ ಬಗೆಗಿನ ಪ್ರಶ್ನೆಗಳು

ಇಂಟರ್ನೆಟ್ ಸರಿಯಾದ ಸಮಯಕ್ಕೇ ಕೈಕೊಡುತ್ತದೆ. ಇದಕ್ಕೆ ಪರಿಹಾರವಿದೆಯೇ?

ತರಗತಿಯ ಹೊತ್ತಿನಲ್ಲಿ ಇಂಟರ್ನೆಟ್ ಬೇಡದಂತೆ ಯೋಜಿಸುವುದೇ ಪರಿಹಾರ. ಫೆಟ್‌ನ ಹೊಸ ಸಿಮ್ಯುಲೇಶನ್‌ಗಳನ್ನು ಒಂದೊಂದು ಕಡತವಾಗಿ ಡೌನ್‌ಲೋಡ್ ಮಾಡಿಟ್ಟುಕೊಂಡರೆ ಸಾಮಾನ್ಯ ಬ್ರೌಸರಿನಲ್ಲಿ ಸಂಪರ್ಕವಿಲ್ಲದೆ ತೆರೆಯುತ್ತವೆ. ಕಿವಿಕ್ಸ್ ತಂತ್ರಾಂಶದಿಂದ ವಿಕಿಪೀಡಿಯದ ಪ್ರತಿಯನ್ನು ಕಂಪ್ಯೂಟರಿನಲ್ಲಿಯೇ ಇಟ್ಟುಕೊಂಡು ಓದಬಹುದು. ಕೊಲಿಬ್ರಿ ಎಂಬ ವೇದಿಕೆಯನ್ನು ಶಾಲೆಯ ಒಂದು ಕಂಪ್ಯೂಟರಿನಲ್ಲಿ ಸ್ಥಾಪಿಸಿದರೆ, ಹೊರಗಿನ ಸಂಪರ್ಕವಿಲ್ಲದಿದ್ದರೂ ಒಳಜಾಲದಲ್ಲಿರುವ ಇತರ ಸಾಧನಗಳಿಗೆ ವಿಡಿಯೋ ಮತ್ತು ಅಭ್ಯಾಸಗಳು ಸಿಗುತ್ತವೆ. ಕಡತಗಳ ಎರಡನೆಯ ಪ್ರತಿ ಪೆನ್‌ಡ್ರೈವಿನಲ್ಲಿರಲಿ. ವಿದ್ಯುತ್ತೇ ಹೋದರೆ? ಪರದೆಯಿಲ್ಲದೆಯೂ ನಡೆಯುವಂತೆ ಅದೇ ಪ್ರಶ್ನೆಗಳ ಮುದ್ರಿತ ಹಾಳೆ ಕೈಯಲ್ಲಿದ್ದರೆ ಪಾಠ ನಿಲ್ಲುವುದಿಲ್ಲ.

ನಾವು ಕಲಿಸುವ ಭಾಷೆಯಲ್ಲಿ ಒಳ್ಳೆಯ ಸಾಮಗ್ರಿಯೇ ಸಿಗುವುದಿಲ್ಲವಲ್ಲ?

ಮಾತು ಕಡಿಮೆಯಿರುವ ಸಂಪನ್ಮೂಲಗಳನ್ನು ಹುಡುಕಿ. ಸಿಮ್ಯುಲೇಶನ್, ಸಚೇತನ ಚಿತ್ರ, ನಕ್ಷೆ ಇವುಗಳಲ್ಲಿ ಭಾಷೆಯ ಪಾಲು ಕಡಿಮೆ. ಫೆಟ್‌ನಂಥ ಯೋಜನೆಗಳಲ್ಲಿ ಸ್ವಯಂಸೇವಕರು ಮಾಡಿದ ಅನುವಾದಗಳೂ ಇವೆ. ಬೇರೆ ಭಾಷೆಯ ಒಳ್ಳೆಯ ವಿಡಿಯೋ ಇದ್ದರೆ ಧ್ವನಿಯನ್ನು ಮುಚ್ಚಿ, ವಿವರಣೆಯನ್ನು ನೀವೇ ಕೊಡಿ. ಅನೇಕ ವೇಳೆ ಇದು ಮೂಲಕ್ಕಿಂತ ಚೆನ್ನಾಗಿರುತ್ತದೆ, ಏಕೆಂದರೆ ವಿವರಣೆಯ ವೇಗ ನಿಮ್ಮ ತರಗತಿಯ ವೇಗವಾಗಿರುತ್ತದೆ. ಧ್ವನಿ ಮುಚ್ಚಿದ ವಿಡಿಯೋಗೆ ಮಕ್ಕಳೇ ವಿವರಣೆ ಬರೆಯಲು ಹೇಳಿದರೆ ಭಾಷಾ ಪಾಠವೂ ಆಯಿತು. ನೀವೇ ಸಾಮಗ್ರಿ ತಯಾರಿಸುವುದಾದರೆ ಯೂನಿಕೋಡ್ ಅಕ್ಷರಗಳಲ್ಲಿಯೇ ಟೈಪ್ ಮಾಡಿ. ಹಳೆಯ ಫಾಂಟ್‌ಗಳಲ್ಲಿ ಮಾಡಿದ ಕಡತ ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆಯುತ್ತದೆ, ಹುಡುಕಾಟಕ್ಕೂ ಸಿಗುವುದಿಲ್ಲ.

ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಕ್ಕಿದ್ದನ್ನು ತಿದ್ದಿ ಬಳಸಬಹುದಲ್ಲವೇ?

ಉಚಿತವಾಗಿ ನೋಡಲು ಸಿಗುವುದು ಬೇರೆ, ತಿದ್ದಿ ಹಂಚಲು ಅನುಮತಿ ಇರುವುದು ಬೇರೆ. ಯಾವ ಪರವಾನಗಿಯನ್ನೂ ನಮೂದಿಸದ ಕೃತಿಯ ಮೇಲೆ ಹಕ್ಕುಸ್ವಾಮ್ಯ ಇದೆಯೆಂದೇ ಭಾವಿಸಬೇಕು. ತರಗತಿಯ ಬೋಧನೆಗೆ ಹಲವು ದೇಶಗಳ ಕಾನೂನು ವಿನಾಯಿತಿ ಕೊಡುತ್ತದೆ, ಆದರೆ ಅದರ ವ್ಯಾಪ್ತಿ ದೇಶದಿಂದ ದೇಶಕ್ಕೆ ಬೇರೆ. ತರಗತಿಯಲ್ಲಿ ತೋರಿಸಲು ಅನ್ವಯಿಸುವ ವಿನಾಯಿತಿ ಎಲ್ಲರಿಗೂ ಸಿಗುವಂತೆ ಮತ್ತೆ ಪ್ರಕಟಿಸಲು ಅನ್ವಯಿಸುವುದು ವಿರಳ.

ಇತರರೂ ಬಳಸಲೆಂದು ಮುಕ್ತ ಪರವಾನಗಿಯೊಂದಿಗೆ ಹಂಚಿದ ಸಾಮಗ್ರಿಗೆ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಹೆಸರು 2002ರಲ್ಲಿ ಯುನೆಸ್ಕೋ ಕರೆದ ಸಭೆಯಲ್ಲಿ ರೂಪುಗೊಂಡಿತು. 2019ರಲ್ಲಿ ಯುನೆಸ್ಕೋ ಇವುಗಳ ಬಗ್ಗೆ ಅಧಿಕೃತ ಶಿಫಾರಸನ್ನು ಅಂಗೀಕರಿಸಿತು. ಇವುಗಳಲ್ಲಿ ಹೆಚ್ಚಿನವು ಬಳಸುವುದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳನ್ನು. ಅಲ್ಲಿನ ಗುರುತುಗಳನ್ನು ಹೀಗೆ ಓದಬೇಕು: ಬಿವೈ ಇದ್ದರೆ ಕರ್ತೃವಿನ ಹೆಸರು ಹೇಳಬೇಕು, ಎಸ್ಎ ಇದ್ದರೆ ನೀವು ತಿದ್ದಿದ್ದನ್ನೂ ಅದೇ ಪರವಾನಗಿಯಲ್ಲಿ ಹಂಚಬೇಕು, ಎನ್‌ಸಿ ಇದ್ದರೆ ವಾಣಿಜ್ಯ ಬಳಕೆ ಸಲ್ಲದು, ಎನ್‌ಡಿ ಇದ್ದರೆ ತಿದ್ದಿದ ರೂಪವನ್ನು ಹಂಚುವಂತಿಲ್ಲ. ಅನುವಾದವೂ ತಿದ್ದಿದ ರೂಪವೇ ಎಂಬುದನ್ನು ಅನೇಕರು ಮರೆಯುತ್ತಾರೆ.

ಆ್ಯಪ್ ಬಳಸಲು ಪ್ರತಿ ಮಗುವಿನ ಹೆಸರಿನಲ್ಲಿ ಖಾತೆ ತೆರೆಯಬೇಕಂತೆ. ತೆರೆಯಬಹುದೇ?

ಖಾತೆಯಿಲ್ಲದೆ ಅದೇ ಕೆಲಸ ಆಗುವ ಬೇರೆ ದಾರಿ ಇದೆಯೇ ಎಂದು ಮೊದಲು ನೋಡಿ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 49 ದೇಶಗಳಲ್ಲಿ ಸರ್ಕಾರಗಳೇ ಶಿಫಾರಸು ಮಾಡಿದ ಶೈಕ್ಷಣಿಕ ತಂತ್ರಾಂಶಗಳನ್ನು ಪರಿಶೀಲಿಸಿ 2022ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಅವುಗಳಲ್ಲಿ ಬಹುಪಾಲು ಮಕ್ಕಳ ಹಕ್ಕುಗಳಿಗೆ ಧಕ್ಕೆ ತರುವ ಅಥವಾ ಅಪಾಯವೊಡ್ಡುವ ರೀತಿಯಲ್ಲಿ ಮಾಹಿತಿಯನ್ನು ನಿರ್ವಹಿಸುತ್ತಿದ್ದುದು ಕಂಡುಬಂದಿತ್ತು. ಪೋಷಕರ ಒಪ್ಪಿಗೆ ಯಾವ ವಯಸ್ಸಿನವರೆಗೆ ಬೇಕೆಂಬುದು ಆಯಾ ಕಾನೂನಿನ ಮೇಲೆ ನಿಂತಿದೆ: ಅಮೆರಿಕದ ಮಕ್ಕಳ ಆನ್‌ಲೈನ್ ಖಾಸಗಿತನದ ಕಾಯ್ದೆ 13 ವರ್ಷದೊಳಗಿನವರಿಗೆ, ಐರೋಪ್ಯ ಒಕ್ಕೂಟದ ನಿಯಮ ದೇಶವನ್ನು ಅವಲಂಬಿಸಿ 13ರಿಂದ 16 ವರ್ಷದೊಳಗಿನವರಿಗೆ, ಭಾರತದ 2023ರ ಕಾಯ್ದೆ 18 ವರ್ಷದೊಳಗಿನವರಿಗೆ ಅದನ್ನು ವಿಧಿಸುತ್ತವೆ. ಖಾತೆ ಅನಿವಾರ್ಯವಾದರೆ ಪೂರ್ಣ ಹೆಸರು, ಜನ್ಮದಿನಾಂಕ, ಭಾವಚಿತ್ರ ಕೊಡಬೇಡಿ. ಶಾಲೆಯೊಳಗೆ ಮಾತ್ರ ಅರ್ಥವಾಗುವ ಸಂಕೇತನಾಮ ಸಾಕು.

ಮುಂದುವರಿದ ಪ್ರಶ್ನೆಗಳು

ದೃಷ್ಟಿದೋಷ, ಶ್ರವಣದೋಷ ಇರುವ ಮಕ್ಕಳೂ ತರಗತಿಯಲ್ಲಿದ್ದಾರೆ. ಅವರಿಗೆ ಪ್ರತ್ಯೇಕ ಸಾಮಗ್ರಿ ಬೇಕೇ?

ಹೆಚ್ಚಿನ ಸಂದರ್ಭಗಳಲ್ಲಿ ಒಂದೇ ಸಾಮಗ್ರಿಯನ್ನು ಎಲ್ಲರಿಗೂ ಎಟುಕುವಂತೆ ಮಾಡಬಹುದು. ಅಂತರರಾಷ್ಟ್ರೀಯ ಜಾಲ ಲಭ್ಯತಾ ಮಾರ್ಗಸೂಚಿಗಳು ಸಾಮಾನ್ಯ ಗಾತ್ರದ ಅಕ್ಷರಗಳಿಗೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತಿರೇಕ (ಹೊಳಪಿನ ಅಂತರ) ಇರಬೇಕೆನ್ನುತ್ತವೆ. ಹಳದಿಯ ಮೇಲೆ ಬಿಳಿ ಅಕ್ಷರ ಇದರ ಹತ್ತಿರಕ್ಕೂ ಬರುವುದಿಲ್ಲ. ಮಾಹಿತಿಯನ್ನು ಬಣ್ಣದಿಂದ ಮಾತ್ರ ತಿಳಿಸಬಾರದು. ನಕ್ಷೆಯಲ್ಲಿ ಕೆಂಪು ಹಸಿರುಗಳ ಜೊತೆಗೆ ಗೆರೆಯ ವಿನ್ಯಾಸವೂ ಬೇರೆಯಿರಲಿ. ಚಿತ್ರಗಳಿಗೆ ಬದಲಿ ಪಠ್ಯ (ಚಿತ್ರದಲ್ಲಿ ಏನಿದೆ ಎಂಬ ಕಿರು ವಿವರಣೆ) ಸೇರಿಸಿದರೆ ಪರದೆಯನ್ನು ಓದಿ ಹೇಳುವ ಎನ್‌ವಿಡಿಎಯಂಥ ತಂತ್ರಾಂಶ ಅದನ್ನು ಓದಿ ಹೇಳುತ್ತದೆ. ಚಿತ್ರವಾಗಿ ಸ್ಕ್ಯಾನ್ ಮಾಡಿದ ಪಿಡಿಎಫ್ ಪುಟವನ್ನು ಮಾತ್ರ ಅಂಥ ತಂತ್ರಾಂಶ ಹಾಗೆಯೇ ಓದಲಾರದು. ವಿಡಿಯೋದ ಉಪಶೀರ್ಷಿಕೆಗಳು (ಮಾತಿನ ಬರಹ) ಯಂತ್ರ ತಯಾರಿಸಿದವಾದರೆ ಒಮ್ಮೆ ಓದಿ ತಿದ್ದಬೇಕು, ವಿಶೇಷವಾಗಿ ಪಾರಿಭಾಷಿಕ ಪದಗಳನ್ನು.

ಒಂದೇ ತರಗತಿಯಲ್ಲಿ ಮೂರು ತರಗತಿಗಳಷ್ಟು ಅಂತರವಿದೆ. ಮಟ್ಟಕ್ಕೆ ತಕ್ಕ ಪ್ರಶ್ನೆ ಕೊಡುವ ತಂತ್ರಾಂಶ ಸಹಾಯಕವೇ?

ಡಿಜಿಟಲ್ ಸಾಧನ ತನ್ನ ಯೋಗ್ಯತೆಯನ್ನು ಅತಿ ಸ್ಪಷ್ಟವಾಗಿ ತೋರಿಸುವ ಜಾಗ ಇದೇ ಎನ್ನಬಹುದು. ಒಬ್ಬ ಶಿಕ್ಷಕರು ಏಕಕಾಲದಲ್ಲಿ ಮೂವತ್ತು ಮಕ್ಕಳಿಗೆ ಮೂವತ್ತು ಬೇರೆ ಪ್ರಶ್ನೆ ಕೊಟ್ಟು, ಪ್ರತಿ ತಪ್ಪಿಗೂ ಕೂಡಲೇ ಪ್ರತಿಕ್ರಿಯಿಸುವುದು ಆಗದ ಮಾತು. ಆದರೆ ಆಯ್ಕೆಯಲ್ಲಿ ಎಚ್ಚರ ಬೇಕು. ಮಗು ಹಿಂದಿನ ತರಗತಿಗಳಲ್ಲಿ ಕಲಿಯದೆ ಬಿಟ್ಟದ್ದಕ್ಕೆ ಹಿಂದಿರುಗಿ ಹೋಗಲು ಆ ತಂತ್ರಾಂಶ ಅವಕಾಶ ಕೊಡಬೇಕು. ಈ ವರ್ಷದ ಪಠ್ಯದೊಳಗೇ ಸುಲಭ, ಕಠಿಣ ಎಂದು ವಿಂಗಡಿಸುವುದರಿಂದ ತೀರಾ ಹಿಂದುಳಿದವರಿಗೆ ಪ್ರಯೋಜನವಿಲ್ಲ. ತಪ್ಪಿಗೆ "ಮತ್ತೆ ಪ್ರಯತ್ನಿಸಿ" ಎಂದಷ್ಟೇ ಹೇಳುವ ತಂತ್ರಾಂಶಕ್ಕಿಂತ, ಯಾವ ಬಗೆಯ ತಪ್ಪು ಎಂದು ಗುರುತಿಸುವ ತಂತ್ರಾಂಶ ಮೇಲು. 0.45 ಎಂಬುದು 0.6ಕ್ಕಿಂತ ದೊಡ್ಡದು ಎಂದ ಮಗು ಆತುರದಿಂದ ತಪ್ಪಿರಬಹುದು, ಅಥವಾ 45 ಮತ್ತು 6ನ್ನು ಹೋಲಿಸುತ್ತಿರಬಹುದು. ಎರಡನೆಯದಾದರೆ ಅಂಥ ಮಕ್ಕಳನ್ನು ಗುಂಪಾಗಿ ಕೂರಿಸಿಕೊಂಡು ಸ್ಥಾನಬೆಲೆಯನ್ನು ಮತ್ತೆ ಕಲಿಸಬೇಕಾದವರು ಶಿಕ್ಷಕರೇ. ತಂತ್ರಾಂಶದ ವರದಿಯನ್ನು ತೆರೆದೇ ನೋಡದಿದ್ದರೆ ಅದರ ಅರ್ಧ ಬೆಲೆ ವ್ಯರ್ಥವಾದಂತೆ.

ಎಐ ಚಾಟ್‌ಬಾಟ್‌ಗಳನ್ನು ವಿದ್ಯಾರ್ಥಿಗಳಿಗೆ ಬಿಡಬಹುದೇ?

ಟರ್ಕಿಯ ಪ್ರೌಢಶಾಲೆಯೊಂದರಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳೊಡನೆ ನಡೆದ ಗಣಿತ ಪ್ರಯೋಗದ ಫಲಿತಾಂಶ ಇಲ್ಲಿ ದಾರಿ ತೋರಿಸುತ್ತದೆ. ಸಾಮಾನ್ಯ ಚಾಟ್‌ಬಾಟ್ ಬಳಸಿದವರ ಅಭ್ಯಾಸದ ಅಂಕಗಳು ಶೇ. 48ರಷ್ಟು ಏರಿದವು, ಚಾಟ್‌ಬಾಟ್ ಇಲ್ಲದೆ ಪರೀಕ್ಷೆ ಬರೆದಾಗ, ಅದನ್ನು ಎಂದೂ ಬಳಸದವರಿಗಿಂತ ಅವರ ಅಂಕ ಶೇ. 17ರಷ್ಟು ಕಡಿಮೆ ಬಂದವು. ಉತ್ತರ ಕೊಡದೆ, ಶಿಕ್ಷಕರು ರೂಪಿಸಿದ ಸುಳಿವುಗಳನ್ನಷ್ಟೇ ಕೊಡುವಂತೆ ಹೊಂದಿಸಿದ ಇನ್ನೊಂದು ರೂಪದಲ್ಲಿ ಆ ನಷ್ಟ ಬಹುಮಟ್ಟಿಗೆ ಇಲ್ಲವಾಗಿತ್ತು. ಅಭ್ಯಾಸದ ಲೆಕ್ಕ ಬಿಡಿಸುವ ಶ್ರಮವೇ ಕಲಿಕೆ. ಶ್ರಮವನ್ನು ಯಂತ್ರ ವಹಿಸಿಕೊಂಡರೆ ಮಗುವಿಗೆ ಉಳಿಯುವುದು ನಕಲು ಮಾಡುವ ಕೆಲಸ.

ಹೀಗಾಗಿ ಚಾಟ್‌ಬಾಟ್ ಮೊದಲು ಶಿಕ್ಷಕರ ಕೈಯಲ್ಲಿರಲಿ: ಒಂದೇ ಪರಿಕಲ್ಪನೆಗೆ ಹತ್ತು ಪ್ರಶ್ನೆಗಳ ಕರಡು ತಯಾರಿಸಲು, ಕಠಿಣ ಪಠ್ಯವನ್ನು ಸರಳಗೊಳಿಸಲು. ಅದರ ಉತ್ತರಗಳು ಆತ್ಮವಿಶ್ವಾಸದಿಂದ ತಪ್ಪಾಗಿರಬಲ್ಲವು, ಆದ್ದರಿಂದ ಪರಿಶೀಲಿಸದೆ ಏನನ್ನೂ ಹಂಚಬಾರದು. ಮೇಲ್ತರಗತಿಯ ವಿದ್ಯಾರ್ಥಿಗಳಿಗೆ ಅದು ಕೊಟ್ಟ ಉತ್ತರವೊಂದನ್ನು ಮುದ್ರಿಸಿ ಕೊಟ್ಟು, ಪಠ್ಯಪುಸ್ತಕದ ಸಹಾಯದಿಂದ ತಪ್ಪು ಹುಡುಕಲು ಹೇಳುವುದು ಒಳ್ಳೆಯ ಪಾಠವಾಗುತ್ತದೆ. 2023ರಲ್ಲಿ ಯುನೆಸ್ಕೋ ಪ್ರಕಟಿಸಿದ ಮಾರ್ಗದರ್ಶಿ, ತರಗತಿಯಲ್ಲಿ ಇಂಥ ಸಾಧನಗಳ ಬಳಕೆಗೆ 13 ವರ್ಷದ ಕನಿಷ್ಠ ವಯೋಮಿತಿಯನ್ನು ಸೂಚಿಸುತ್ತದೆ.

ಒಂದು ಸಂಪನ್ಮೂಲದಿಂದ ಉಪಯೋಗವಾಯಿತೋ ಇಲ್ಲವೋ ಎಂದು ನಾನೇ ಅಳೆಯುವುದು ಹೇಗೆ?

ಮಕ್ಕಳಿಗೆ ಇಷ್ಟವಾಯಿತೇ ಎಂದು ಕೇಳುವುದರಿಂದ ತಿಳಿಯುವುದಿಲ್ಲ. ಹೊಸತು ಯಾವುದಾದರೂ ಕೆಲವು ದಿನ ಇಷ್ಟವಾಗುತ್ತದೆ. ಪಾಠ ಮುಗಿದ ಕೂಡಲೇ ಕೊಡುವ ಪರೀಕ್ಷೆಯೂ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಆಗಷ್ಟೇ ಕಂಡದ್ದು ಎಲ್ಲರಿಗೂ ನೆನಪಿರುತ್ತದೆ. ಪಾಠಕ್ಕೆ ಮೊದಲು ಮೂರು ಪ್ರಶ್ನೆ ಕೇಳಿ ಉತ್ತರ ಪತ್ರಿಕೆಗಳನ್ನು ಇಟ್ಟುಕೊಳ್ಳಿ. ಎರಡು ವಾರಗಳ ನಂತರ, ಮುನ್ಸೂಚನೆಯಿಲ್ಲದೆ, ಅದೇ ಪರಿಕಲ್ಪನೆಯ ಬೇರೆ ಮೂರು ಪ್ರಶ್ನೆ ಕೇಳಿ. ಪ್ರಶ್ನೆಗಳು ವಿಡಿಯೋದಲ್ಲಿದ್ದ ಉದಾಹರಣೆಯನ್ನೇ ಮರಳಿ ಕೇಳುವಂತಿರಬಾರದು: ವಿಡಿಯೋ ಗರಿ ಮತ್ತು ಗುಂಡಿನ ಬಗ್ಗೆ ಇದ್ದರೆ, ಪ್ರಶ್ನೆ ಚಂದ್ರನ ಮೇಲೆ ಬೀಳುವ ಹಾಳೆಯ ಬಗ್ಗೆ ಇರಲಿ. ಎರಡು ವಿಭಾಗಗಳಿಗೆ ನೀವೇ ಕಲಿಸುತ್ತಿದ್ದರೆ, ಒಂದರಲ್ಲಿ ಸಂಪನ್ಮೂಲ ಬಳಸಿ, ಇನ್ನೊಂದರಲ್ಲಿ ಅಷ್ಟೇ ಹೊತ್ತು ಕಪ್ಪು ಹಲಗೆಯ ಮೇಲೆ ಕಲಿಸಿ ಹೋಲಿಸಬಹುದು. ಮುಂದಿನ ಪಾಠಕ್ಕೆ ವಿಭಾಗಗಳನ್ನು ಅದಲುಬದಲು ಮಾಡಿದರೆ ಯಾರಿಗೂ ಅನ್ಯಾಯವಾಗುವುದಿಲ್ಲ. ವ್ಯತ್ಯಾಸ ಕಾಣದಿದ್ದಾಗ ಸಂಪನ್ಮೂಲವನ್ನು ಕೈಬಿಡುವ ಮುನ್ನ, ಅದು ನಡೆಯುತ್ತಿದ್ದಾಗ ಮಕ್ಕಳಿಗೆ ಕೊಟ್ಟ ಕೆಲಸವನ್ನು ಬದಲಿಸಿ ಇನ್ನೊಮ್ಮೆ ನೋಡಿ. ಎರಡನೆಯ ಬಾರಿಯೂ ಅದೇ ಫಲಿತಾಂಶ ಬಂದರೆ ಅದನ್ನು ಬಿಟ್ಟು, ಆ ಸಮಯವನ್ನು ಬೇರೆ ಪಾಠಕ್ಕೆ ಕೊಡಿ.